ಸ್ಕ್ಯಾನ್ ಪುಟದಲ್ಲಿ ಸೀಲು ಹುಡುಕುವುದು: ಯಾವ ಕಟ್ಟಿಗೆ ಯಾವ ದಾರಿ?

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಸ್ಕ್ಯಾನಿಂಗ್ ಅಂಗಡಿ ಇದೆ. ಎರಡು ಸ್ಕ್ಯಾನರ್, ಮೂರು ಕಂಪ್ಯೂಟರ್, ಇಬ್ಬರು ಹುಡುಗರು. ವಕೀಲರು, ಸಹಕಾರ ಸಂಘದವರು, ಎಪಿಎಂಸಿಯ ದಲಾಲಿ ಮಂಡಿಯವರು, ಲಾರಿ ಆಫೀಸಿನವರು ಹಳೇ ಕಾಗದದ ಕಟ್ಟು ತಂದು ಹಾಕುತ್ತಾರೆ. ನಾವು ಪಿಡಿಎಫ್ ಮಾಡಿ ಕೊಡುತ್ತೇವೆ. ಒಂದು ದಿನ ಸಂಘವೊಂದರ ಕಾರ್ಯದರ್ಶಿ ಬಂದು, "ಎಲ್ಲಾ ಪುಟನೂ ಸ್ಕ್ಯಾನ್ ಮಾಡ್ರಿ. ಆದ್ರೆ ಸೀಲು ಬಿದ್ದಿರೋವು ಯಾವು, ಬೀಳದೆ ಇರೋವು ಯಾವು ಅಂತ ಒಂದು ಪಟ್ಟಿ ಬೇಕು" ಅಂದರು. "ಅಷ್ಟೇ ಅಲ್ವಾ ಸಾರ್" ಅಂದೆ. ಆ ‘ಅಷ್ಟೇ’ ನನ್ನ ಮೂರು ತಿಂಗಳು ತಿಂದಿತು.

ಐದಾರು ನೂರು ಪುಟದ ಕಟ್ಟಾದರೆ ಇವತ್ತಿಗೂ ನನ್ನ ಸಲಹೆ ಒಂದೇ. ಸುಮ್ನೆ ಪ್ರೋಗ್ರಾಂ ಬರೆಯುತ್ತ ಕೂರಬೇಡಿ. ಒಬ್ಬ ಹುಡುಗ, ಒಂದು ಎಕ್ಸೆಲ್ ಹಾಳೆ, ಒಂದು ಮಧ್ಯಾಹ್ನ ಸಾಕು. ಕಟ್ಟು ಹತ್ತು ಸಾವಿರ ಪುಟ ದಾಟಿದರೆ ಮಾತ್ರ ಕಣ್ಣು ಸೋಲುತ್ತದೆ. ಆಗ ಕಂಪ್ಯೂಟರ್‌ಗೆ ಈ ಕೆಲಸ ಕಲಿಸಬೇಕು. ಅದಕ್ಕೆ ನಾಲ್ಕೈದು ದಾರಿಗಳಿವೆ. ಬಣ್ಣ ನೋಡಿ ಹಿಡಿಯುವುದು, ಆಕಾರ ನೋಡಿ ಹಿಡಿಯುವುದು, ಮಾದರಿ ಸೀಲಿಗೆ ಹೋಲಿಸುವುದು, ಯೋಲೋದಂಥ, ಉದಾಹರಣೆ ನೋಡಿ ಕಲಿಯುವ ಎಐ ಮಾಡೆಲ್‌ಗೆ ತರಬೇತಿ ಕೊಡುವುದು, ಇಲ್ಲವೇ ಹೊರಗಿನ ಕ್ಲೌಡ್ ಸೇವೆಗೆ ಕಳಿಸುವುದು. ಎಲ್ಲವನ್ನೂ ನಾನು ಮಾಡಿ ನೋಡಿದ್ದೇನೆ.

ಯಾವ ತಪ್ಪು ನಿಮಗೆ ದುಬಾರಿ?

ದಾರಿ ಆರಿಸುವ ಮುಂಚೆ ಇದೊಂದನ್ನು ಕೇಳಿಕೊಳ್ಳಿ. ಕಂಪ್ಯೂಟರ್ ಎರಡು ಥರ ತಪ್ಪು ಮಾಡುತ್ತದೆ. ಇರುವ ಸೀಲನ್ನು ಕಾಣದೆ ಬಿಡುತ್ತದೆ. ಇಲ್ಲದ ಕಡೆ ಇದೆ ಅನ್ನುತ್ತದೆ. ಇವೆರಡರ ಬೆಲೆ ಒಂದೇ ಅಲ್ಲ.

ನಮ್ಮ ಸಂಘದ ಕೆಲಸವನ್ನೇ ನೋಡಿ. ಅವರಿಗೆ ಬೇಕಿದ್ದದ್ದು ಸೀಲಿಲ್ಲದ ವೋಚರ್‌ಗಳು, ಆಡಿಟ್‌ಗೆ. ಸೀಲಿದ್ದೂ ಕಂಪ್ಯೂಟರ್ ಕಾಣದೆ ಹೋದರೆ ಆ ಪುಟ ‘ಸೀಲಿಲ್ಲ’ ಪಟ್ಟಿಗೆ ಬೀಳುತ್ತದೆ. ಗುಮಾಸ್ತರು ಫೈಲು ತೆಗೆದು ನೋಡುತ್ತಾರೆ, ಸೀಲಿದೆ, ಪಟ್ಟಿಯಿಂದ ಹೊಡೆದು ಹಾಕುತ್ತಾರೆ. ಎರಡು ನಿಮಿಷ ಹೋಯಿತು, ಅಷ್ಟೇ. ಆದರೆ ಟೀ ಲೋಟದ ಗುರುತನ್ನು ಸೀಲು ಅಂದುಕೊಂಡರೆ? ಆ ವೋಚರ್ ‘ಸೀಲಿದೆ’ ಕಡೆಗೆ ಹೋಗುತ್ತದೆ. ಮತ್ತೆ ಅದನ್ನು ಯಾರೂ ತೆಗೆದು ನೋಡುವುದಿಲ್ಲ. ಅವರಿಗೆ ನಿಜವಾಗಿ ನೋವು ಕೊಡುವ ತಪ್ಪು ಇದು.

ವಕೀಲರ ಕೆಲಸ ಇದಕ್ಕೆ ಪೂರ್ತಿ ಉಲ್ಟಾ. ಒಂದು ಜಮೀನಿನ ವ್ಯಾಜ್ಯದ ಕಟ್ಟಿನಲ್ಲಿ ಉಪನೋಂದಣಾಧಿಕಾರಿ ಕಚೇರಿಯ ಸೀಲಿರುವ ಪುಟಗಳನ್ನೆಲ್ಲ ಹುಡುಕಿಕೊಡಿ ಅನ್ನುತ್ತಾರೆ. ಅಲ್ಲಿ ಹತ್ತು ಪುಟ ಜಾಸ್ತಿ ಬಂದರೂ ಅವರು ಬೇಸರ ಮಾಡಿಕೊಳ್ಳುವುದಿಲ್ಲ. ಒಂದು ಕ್ರಯಪತ್ರ ತಪ್ಪಿಹೋದರೆ ಮಾತ್ರ ಮತ್ತೆ ನಮ್ಮ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ.

ಇನ್ನೊಂದು ಮಾತು. ಸೀಲು ಇದೆಯಾ, ಎಲ್ಲಿದೆ, ಯಾರದು, ಅಸಲಿಯಾ. ಇವು ನಾಲ್ಕು ಬೇರೆ ಬೇರೆ ಪ್ರಶ್ನೆಗಳು. ಮೊದಲ ಎರಡಕ್ಕೆ ಕೆಳಗಿನ ಎಲ್ಲ ದಾರಿಗಳೂ ಒಂದಲ್ಲ ಒಂದು ಮಟ್ಟಕ್ಕೆ ಉತ್ತರ ಕೊಡುತ್ತವೆ. ಮೂರನೆಯದು ಕಷ್ಟ. ನಾಲ್ಕನೆಯದಕ್ಕೆ ಇವ್ಯಾವುವೂ ಉತ್ತರ ಕೊಡುವುದಿಲ್ಲ. ಅದನ್ನು ಗಿರಾಕಿಗೆ ಮೊದಲೇ ಬಾಯಿಬಿಟ್ಟು ಹೇಳಿಬಿಡಿ.

ಸ್ಕ್ಯಾನ್ ಕೆಟ್ಟರೆ ಎಲ್ಲವೂ ಕೆಟ್ಟಂತೆ

ನಾನು ಮಾಡಿದ ದೊಡ್ಡ ತಪ್ಪು ಪ್ರೋಗ್ರಾಮಿನದಲ್ಲ. ಹಾರ್ಡ್ ಡಿಸ್ಕ್ ಉಳಿಯಲಿ ಅಂತ ಮೊದಲ ನಾಲ್ಕು ಸಾವಿರ ಪುಟವನ್ನು ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿಸಿದ್ದೆ. ಕಪ್ಪು-ಬಿಳುಪು ಅಂದರೆ ಒಂದೊಂದು ಚುಕ್ಕಿಯೂ ಪೂರ್ತಿ ಕಪ್ಪು, ಇಲ್ಲ ಪೂರ್ತಿ ಬಿಳುಪು. ಮಾಸಿದ ನೇರಳೆ ಸೀಲು ಅದರಲ್ಲಿ ಅರ್ಧ ಮಾಯ. ಉಳಿದರ್ಧ ಅಚ್ಚಿನ ಅಕ್ಷರಗಳ ಜೊತೆ ಬೆರೆತು ಕಲೆಯಾಗಿ ಕೂತಿತ್ತು. ಕಟ್ಟು ಬಿಚ್ಚಿ ಮತ್ತೆ ಸ್ಕ್ಯಾನ್ ಮಾಡಿದೆವು. ಹುಡುಗರು ಇವತ್ತಿಗೂ ನೆನಪಿಸುತ್ತಾರೆ.

ಹಾಗಾಗಿ ಬಣ್ಣದಲ್ಲೇ ಮಾಡಿ, 300 ಡಿಪಿಐ ಇಡಿ, ಅಂದರೆ ಅಂಗುಲಕ್ಕೆ 300 ಚುಕ್ಕಿ (ಪಿಕ್ಸೆಲ್). ಆಗ ಎ4 ಹಾಳೆ 2480 ಅಡ್ಡ, 3508 ಉದ್ದ ಪಿಕ್ಸೆಲ್ ಆಗುತ್ತದೆ. ಒಂದು ಸೆಂಟಿಮೀಟರ್‌ಗೆ ಸುಮಾರು 118 ಪಿಕ್ಸೆಲ್. ಈ ಲೆಕ್ಕ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ, ಯಾಕೆಂದರೆ ಸೀಲಿಗೆ ನಿಜವಾದ ಅಳತೆ ಇರುತ್ತದೆ. 1956ರ ನೋಟರಿ ನಿಯಮಗಳ ಪ್ರಕಾರ ನೋಟರಿಯ ಸೀಲು ದುಂಡಗಿರಬೇಕು, ಅಡ್ಡಳತೆ 5 ಸೆಂಟಿಮೀಟರ್ ಇರಬೇಕು. ಅಂದರೆ ನಿಮ್ಮ ಚಿತ್ರದಲ್ಲಿ ಅದು 590 ಪಿಕ್ಸೆಲ್ ಆಸುಪಾಸು. ಮೊಬೈಲ್‌ನಲ್ಲಿ ಫೋಟೋ ಹೊಡೆದ ಪುಟಕ್ಕೆ ಈ ಅಳತೆಯ ಆಸರೆ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ ಪುಟಗಳನ್ನು ನಾನು ಈಗ ಬೇರೆ ಫೋಲ್ಡರ್‌ಗೆ ಹಾಕುತ್ತೇನೆ.

ಚಿತ್ರವನ್ನು ಕುಗ್ಗಿಸಿ ಉಳಿಸುವ ಜೆಪೆಗ್ ಫೈಲಿನ ಬಗ್ಗೆಯೂ ಎಚ್ಚರ. ಜೆಪೆಗ್ ಸಾಮಾನ್ಯವಾಗಿ ಬಣ್ಣದ ಮಾಹಿತಿಯನ್ನು ಬೆಳಕಿನ ಮಾಹಿತಿಗಿಂತ ಒರಟಾಗಿ ಇಡುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ. ಆದರೆ ತೆಳ್ಳಗಿನ ನೀಲಿ ಗೆರೆಯ ಬಣ್ಣ ಪಕ್ಕಕ್ಕೆ ಹರಡುತ್ತದೆ. ಸೀಲಿನ ಮೇಲೆ ಸಹಿ ಬಿದ್ದಿದ್ದರೆ ಎರಡರ ಬಣ್ಣವೂ ಒಂದರೊಳಗೊಂದು ಕಲಸಿಹೋಗುತ್ತದೆ. ಉಳಿಸುವಾಗ ಕೇಳುವ ಗುಣಮಟ್ಟದ ಅಂಕಿಯನ್ನು 90ಕ್ಕಿಂತ ಕೆಳಗೆ ಇಳಿಸಬೇಡಿ.

ಬಣ್ಣ ಹಿಡಿಯುವ ದಾರಿ

ಬಹಳ ಜನ ಇದನ್ನು ಹಳೇ ಕಾಲದ್ದು ಅಂತ ಬದಿಗಿಡುತ್ತಾರೆ. ನನ್ನ ಕೆಲಸದ ಮುಕ್ಕಾಲು ಪಾಲನ್ನು ಮುಗಿಸಿದ್ದು ಇದೇ.

ಯುಕ್ತಿ ಸರಳ. ಅಚ್ಚು ಕಪ್ಪು, ಕಾಗದ ಬಿಳಿ ಅಥವಾ ಹಳದಿ, ಸೀಲಿನ ಮಸಿ ನೇರಳೆ, ನೀಲಿ ಇಲ್ಲವೇ ಕೆಂಪು. ಬಣ್ಣ ಇರುವಲ್ಲಿ ಸೀಲಿದೆ. ಪೈಥಾನ್ ಅನ್ನುವ ಪ್ರೋಗ್ರಾಂ ಭಾಷೆ ಮತ್ತು ಚಿತ್ರಗಳ ಕೆಲಸಕ್ಕಿರುವ ಓಪನ್‌ಸಿವಿ ಸಾಧನ ಇದ್ದರೆ ನಲವತ್ತು ಸಾಲಿನ ಪ್ರೋಗ್ರಾಂ ಸಾಕು. ಎರಡೂ ಪುಕ್ಕಟೆ. ಜಿಪಿಯು, ಅಂದರೆ ಭಾರೀ ಲೆಕ್ಕಕ್ಕೆ ಬೇಕಾಗುವ ಗ್ರಾಫಿಕ್ಸ್ ಚಿಪ್, ಬೇಡ.

ಚಿತ್ರವನ್ನು ಎಚ್‌ಎಸ್‌ವಿ ರೂಪಕ್ಕೆ ಬದಲಿಸಿಕೊಳ್ಳಿ. ಅದರಲ್ಲಿ ಬಣ್ಣ ಯಾವುದು, ಎಷ್ಟು ಗಾಢ, ಎಷ್ಟು ಬೆಳಕು ಅನ್ನುವುದು ಬೇರೆ ಬೇರೆ ಅಂಕಿಗಳಾಗಿ ಸಿಗುತ್ತವೆ. ಓಪನ್‌ಸಿವಿಯಲ್ಲಿ ಬಣ್ಣದ ಅಂಕಿ 0ಯಿಂದ 179ರವರೆಗೆ. 360 ಡಿಗ್ರಿ ಒಂದು ಬೈಟ್‌ನಲ್ಲಿ ಹಿಡಿಯುವುದಿಲ್ಲ, ಅದಕ್ಕೇ ಅರ್ಧ ಮಾಡಿದ್ದಾರೆ. ನೀಲಿ ಸುಮಾರು 95ರಿಂದ 125, ನೇರಳೆ 125ರಿಂದ 155. ಕೆಂಪು ಎರಡೂ ತುದಿಯಲ್ಲಿ ಹರಡಿಕೊಂಡಿದೆ, 0ಯಿಂದ 10 ಮತ್ತು 170ರಿಂದ 179. ಹೊಸಬರು ಒಂದೇ ತುದಿ ಹಿಡಿದು ಅರ್ಧ ಕೆಂಪು ಸೀಲುಗಳನ್ನು ಕಳೆದುಕೊಳ್ಳುತ್ತಾರೆ. ನಾನೂ ಕಳೆದುಕೊಂಡಿದ್ದೆ. ಹಳದಿಗಟ್ಟಿದ ಕಾಗದದ ಬಣ್ಣ 20-30ರ ಆಸುಪಾಸು ಇರುವುದರಿಂದ ತಾನೇ ಹೊರಗೆ ಬೀಳುತ್ತದೆ.

ಹೀಗೆ ಸಿಕ್ಕಿದ್ದು ಚುಕ್ಕಿ ಚುಕ್ಕಿಯಾಗಿರುತ್ತದೆ. ಮಾರ್ಫಾಲಜಿ ಅನ್ನುವ ವಿಧಾನದಿಂದ 15-25 ಪಿಕ್ಸೆಲ್ ಅಂತರದ ಚುಕ್ಕಿಗಳನ್ನು ಒಂದಕ್ಕೊಂದು ಕೂಡಿಸಿದರೆ ಸೀಲಿನ ಅಕ್ಷರಗಳೆಲ್ಲ ಸೇರಿ ಒಂದು ಮುದ್ದೆಯಾಗುತ್ತದೆ. ಮುದ್ದೆಯ ಅಳತೆ ತೆಗೆಯಿರಿ. ಒಂದೂವರೆ ಸೆಂಟಿಮೀಟರ್‌ಗಿಂತ ಚಿಕ್ಕದನ್ನು, ಎಂಟಕ್ಕಿಂತ ದೊಡ್ಡದನ್ನು ಬಿಡಿ. ಉಳಿದದ್ದು ಬಹುಪಾಲು ಸೀಲೇ.

ಬಹುಪಾಲು ಅಂದೆ. ಉಳಿದ ಪಾಲಿನಲ್ಲಿ ಮೊದಲ ಶತ್ರು ಸಹಿ. ನೀಲಿ ಬಾಲ್‌ಪೆನ್ನಿನ ಉದ್ದ ಸಹಿ ಅಗಲಕ್ಕೆ ಚಾಚಿಕೊಂಡಿರುತ್ತದೆ, ಎತ್ತರ ಕಡಿಮೆ. ಅಗಲ ಎತ್ತರದ ಮೂರು ಪಟ್ಟು ದಾಟಿದರೆ ಬಿಡು ಅನ್ನಬಹುದು. ಹುದ್ದೆಯ ಹೆಸರಿರುವ ಎರಡು ಸಾಲಿನ ಉದ್ದ ಸೀಲೂ ಅದೇ ಆಕಾರದ್ದು, ಅದೂ ಹೊರಗೆ ಹೋಗುತ್ತದೆ. ಇದಕ್ಕೆ ನನಗೆ ಸಿಕ್ಕ ಅರೆ ಪರಿಹಾರ, ಮುದ್ದೆಯ ಒಳಗೆ ಎಷ್ಟು ಪ್ರತ್ಯೇಕ ತುಂಡುಗಳಿವೆ ಅಂತ ಎಣಿಸುವುದು. ಸಹಿ ಮೂರು ನಾಲ್ಕು ತುಂಡಾದರೆ ಸೀಲಿನ ಅಕ್ಷರಗಳು ಇಪ್ಪತ್ತು ಮೂವತ್ತು.

ಎರಡನೆಯದು ಹಿಂಬದಿಯ ಮಸಿ. ನೇರಳೆ ಶಾಯಿ ತೆಳು ಕಾಗದದಲ್ಲಿ ಇಳಿದು ಆಚೆ ಮುಖಕ್ಕೆ ಬರುತ್ತದೆ. ಹಳೇ ಛಾಪಾ ಕಾಗದದ ಹಿಂದೆ ಮಾರಾಟಗಾರರ ಸೀಲು ಬಿದ್ದಿರುತ್ತದೆ ಅಲ್ವಾ, ಅದು ಮುಂಬದಿಯಲ್ಲಿ ಕನ್ನಡಿಯ ಬಿಂಬದಂತೆ ಕಾಣುತ್ತದೆ. ಬಣ್ಣ ಮಾತ್ರ ನೋಡುವ ಪ್ರೋಗ್ರಾಮಿಗೆ ಉಲ್ಟಾ ಸೀಲೂ ಸೀಲೇ. ಗಾಢತೆಯ ಮಿತಿ ಏರಿಸಿದರೆ ಇದು ಹೋಗುತ್ತದೆ, ಜೊತೆಗೆ ಮಾಸಿದ ನಿಜ ಸೀಲುಗಳೂ ಹೋಗುತ್ತವೆ. ಎರಡೂ ಬದಿ ಸ್ಕ್ಯಾನ್ ಮಾಡಿದ್ದರೆ ಹಿಂಬದಿಯ ಚಿತ್ರವನ್ನು ತಿರುಗಿಸಿ ಹೋಲಿಸುವುದು ಮೇಲು. ಅದೇ ಜಾಗದಲ್ಲಿ ಅಲ್ಲಿ ಇನ್ನೂ ಗಾಢವಾದ ಮುದ್ದೆ ಇದ್ದರೆ ಈ ಬದಿಯದು ಬರೀ ಇಳಿದ ಮಸಿ.

ಮೂರನೆಯದು ನಮ್ಮ ಮಂಡಿಗಳ ಕೊಡುಗೆ. ಲೆಕ್ಕದ ಪಟ್ಟಿ ಪುಸ್ತಕಗಳೆಲ್ಲ ಕಾರ್ಬನ್ ಪ್ರತಿ. ಮೆಕ್ಕೆಜೋಳದ ತೂಕ, ಹಮಾಲಿ, ದರ, ರೈತರ ಹೆಸರು ಎಲ್ಲವೂ ನೀಲಿ ಕಾರ್ಬನ್ನಿನಲ್ಲೇ. ಪ್ರತಿ ಹಾಳೆ ಗುಲಾಬಿ ಬಣ್ಣದ್ದು ಬೇರೆ. ಅಲ್ಲಿ ಬಣ್ಣದ ದಾರಿ ಮುಗ್ಗರಿಸಿ ಬೀಳುತ್ತದೆ. ಇಡೀ ಪುಟವೇ ಒಂದು ದೊಡ್ಡ ಸೀಲು ಅಂತ ಹೇಳಿಬಿಟ್ಟಿತ್ತು ನನ್ನ ಪ್ರೋಗ್ರಾಂ.

ದುಂಡಗಿನದನ್ನು ಹುಡುಕುವುದು

ಹಫ್ ಟ್ರಾನ್ಸ್‌ಫಾರ್ಮ್ ಅನ್ನುವ ವಿಧಾನಕ್ಕೆ ಅರವತ್ತು ವರ್ಷ ದಾಟಿದೆ. ಪಾಲ್ ಹಫ್ ಪೇಟೆಂಟ್ ಪಡೆದದ್ದು 1962ರಲ್ಲಿ. ಚಿತ್ರದ ಅಂಚುಗಳಲ್ಲಿ ಒಂದೊಂದು ಚುಕ್ಕಿಯೂ ‘ನಾನು ಈ ವೃತ್ತದ ಮೇಲೆ ಇರಬಹುದು’ ಅಂತ ಮತ ಹಾಕುತ್ತದೆ. ಜಾಸ್ತಿ ಮತ ಬಿದ್ದ ವೃತ್ತ ಗೆಲ್ಲುತ್ತದೆ. ಬಣ್ಣ ಬೇಕಿಲ್ಲ, ಹಾಗಾಗಿ ಜೆರಾಕ್ಸ್ ಪ್ರತಿಯಲ್ಲೂ ನಡೆಯುತ್ತದೆ. ಇದೊಂದೇ ಇದರ ದೊಡ್ಡ ಲಾಭ.

ಉಳಿದದ್ದೆಲ್ಲ ತಲೆನೋವು. ಮೊಟ್ಟೆಯಾಕಾರದ ಸೀಲು, ಚೌಕದ ಸೀಲು, ದಿನಾಂಕದ ಸೀಲು ಯಾವುದನ್ನೂ ಹಿಡಿಯುವುದಿಲ್ಲ. ನಮ್ಮ ಕಾಗದಗಳಲ್ಲಿ ಸೀಲು ಪೂರ್ತಿ ಬೀಳುವುದೇ ಅಪರೂಪ. ಕೈ ಒಂದು ಕಡೆ ಒತ್ತಿರುತ್ತದೆ, ಇನ್ನೊಂದು ಕಡೆ ಅಂಚು ಮಾಯ. ಮತದ ಮಿತಿ ಇಳಿಸಿದರೆ ಟೀ ಲೋಟದ ಗುರುತೂ ಗೆಲ್ಲುತ್ತದೆ, ಪಂಚಿಂಗ್ ತೂತೂ ಗೆಲ್ಲುತ್ತದೆ, ಲೆಟರ್‌ಹೆಡ್ಡಿನ ಲಾಂಛನವೂ ಗೆಲ್ಲುತ್ತದೆ. ನೋಟರಿ ಕಾಗದಗಳೇ ತುಂಬಿರುವ ಕಟ್ಟಿದ್ದರೆ, ಅಳತೆ 5 ಸೆಂಟಿಮೀಟರ್ ಅಂತ ಮೊದಲೇ ಗೊತ್ತಿರುವುದರಿಂದ ತ್ರಿಜ್ಯವನ್ನು ಬಿಗಿಯಾಗಿ ಕೊಟ್ಟು ಇದನ್ನು ಬಳಸಬಹುದು. ಬೇರೆ ಕಡೆ ಬಣ್ಣದ ದಾರಿಯ ಹಿಂದೆ ಎರಡನೇ ಸಾಕ್ಷಿಯಾಗಿ ನಿಲ್ಲಿಸಿ, ಒಂಟಿಯಾಗಿ ಬೇಡ.

ಮಾದರಿ ಸೀಲಿಗೆ ಹೋಲಿಸುವುದು

ನಿಮಗೆ ಬೇಕಿರುವುದು ಒಂದೇ ಸೀಲು, ಉದಾಹರಣೆಗೆ ‘ಪಾವತಿಸಲಾಗಿದೆ’ ಅನ್ನುವ ಒಂದೇ ರಬ್ಬರ್ ಸ್ಟಾಂಪು ಅಂತಾದರೆ ಇದು ಆಕರ್ಷಕವಾಗಿ ಕಾಣುತ್ತದೆ. ಒಂದು ಚೊಕ್ಕ ಸೀಲನ್ನು ಕತ್ತರಿಸಿಟ್ಟುಕೊಂಡು ಪ್ರತಿ ಪುಟದ ಮೇಲೂ ಜರುಗಿಸುತ್ತ ಹೋಲಿಸುವುದು. ಕಷ್ಟ ಏನೆಂದರೆ ಸೀಲು ಸೊಟ್ಟಗೆ ಬಿದ್ದರೆ ಹೋಲಿಕೆ ತಪ್ಪುತ್ತದೆ. ಹತ್ತು ಡಿಗ್ರಿಗೊಂದರಂತೆ ತಿರುಗಿಸಿದರೆ 36 ಮಾದರಿ ಆಗುತ್ತದೆ, ಪುಟಕ್ಕೆ ಹಿಡಿಯುವ ಹೊತ್ತೂ 36 ಪಟ್ಟು. ತಿರುಗಿದರೂ ಗುರುತು ಹಿಡಿಯುವ ಸಿಫ್ಟ್, ಓಆರ್‌ಬಿ ವಿಧಾನಗಳಿವೆ. ಸಿಫ್ಟ್‌ನ ಪೇಟೆಂಟ್ 2020ರಲ್ಲಿ ಮುಗಿದಿದೆ, ಓಪನ್‌ಸಿವಿಯಲ್ಲೇ ಸಿಗುತ್ತದೆ. ಚೊಕ್ಕ ಸೀಲಿಗೆ ಚೆನ್ನಾಗಿ ನಡೆಯುತ್ತವೆ. ಮಸಿ ಜಾಸ್ತಿಯಾಗಿ ಅಕ್ಷರ ತುಂಬಿಹೋದ ಸೀಲಿಗೆ ಕೈಕೊಡುತ್ತವೆ.

ಈ ಊರಿನಲ್ಲಿ ಇನ್ನೊಂದು ತೊಡಕು ಇದೆ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದವು. ಹರಪನಹಳ್ಳಿ ಬಳ್ಳಾರಿಯಿಂದ ಬಂದು, ಆಮೇಲೆ ಮತ್ತೆ ಹೊರಟೂ ಹೋಯಿತು. ಇನ್ನೂ ಹಿಂದಕ್ಕೆ ಹೋದರೆ 1973ರ ನವೆಂಬರ್‌ಗೆ ಮುಂಚೆ ರಾಜ್ಯದ ಹೆಸರೇ ಮೈಸೂರು. ಹೀಗಾಗಿ ಒಂದೇ ತಾಲ್ಲೂಕು ಕಚೇರಿಯ ಒಂದೇ ಹುದ್ದೆಯ ಸೀಲಿನಲ್ಲಿ ಮೂರು ಕಾಲದ ಮೂರು ಬರಹ ಸಿಗುತ್ತದೆ. ಜೊತೆಗೆ ರಬ್ಬರ್ ಸವೆದಾಗಲೆಲ್ಲ ಹೊಸದು ಮಾಡಿಸುತ್ತಾರೆ, ಅಕ್ಷರದ ಮಾಟ ಬದಲಾಗುತ್ತದೆ. ಮಾದರಿಗಳನ್ನು ಸೇರಿಸುತ್ತ ಹೋದರೆ ಅದಕ್ಕೆ ಕೊನೆಯಿಲ್ಲ. ಹೊಸ ಕಾಲದ ಒಂದೇ ಸಂಸ್ಥೆಯ ಕಾಗದಕ್ಕಾದರೆ ಸರಿ, ಜಮೀನಿನ ಹಳೇ ಕಟ್ಟಿಗೆ ಈ ದಾರಿ ಬೇಡ.

ಯೋಲೋ: ಕಲಿಸುವ ದಾರಿ

ಕಾರ್ಬನ್ ಪ್ರತಿ, ಜೆರಾಕ್ಸ್, ಸಹಿಯ ಅಡಿಯ ಸೀಲು, ಅರ್ಧ ಬಿದ್ದ ಸೀಲು ಎಲ್ಲ ಒಟ್ಟಿಗೆ ಬಂದಾಗ ಕೊನೆಗೆ ಇಲ್ಲಿಗೇ ಬರಬೇಕಾಗುತ್ತದೆ. ಯೋಲೋ ಮೊದಲು ಬಂದದ್ದು 2015ರಲ್ಲಿ. ಚಿತ್ರವನ್ನು ಒಂದೇ ಸಲ ನೋಡಿ ಏನೇನು ಎಲ್ಲೆಲ್ಲಿದೆ ಅಂತ ಚೌಕಟ್ಟು ಹಾಕಿಕೊಡುತ್ತದೆ. ಆಮೇಲೆ ಅದರ ಹೆಸರಿನಲ್ಲಿ ಎಷ್ಟೋ ಆವೃತ್ತಿ ಬಂದಿವೆ. ಯಾವ ಆವೃತ್ತಿ ಅನ್ನುವುದಕ್ಕಿಂತ ನೀವು ಏನು ಕಲಿಸುತ್ತೀರಿ ಅನ್ನುವುದರ ಮೇಲೆ ಫಲ ನಿಂತಿದೆ.

ಪುಟಗಳ ಮೇಲೆ ಕೈಯಾರೆ ಚೌಕಟ್ಟು ಎಳೆಯಬೇಕು. ಲೇಬಲ್ ಸ್ಟುಡಿಯೋ, ಸಿವ್ಯಾಟ್ ಥರದ ಪುಕ್ಕಟೆ ಸಾಧನಗಳಿವೆ. ನಾನು ಮುನ್ನೂರು ಪುಟದಿಂದ ಶುರು ಮಾಡಿದೆ. ಮೊದಲ ಪಾಠ ಅಲ್ಲೇ ಸಿಕ್ಕಿತು. ಸೀಲಿಗೆ ಮಾತ್ರ ಚೌಕಟ್ಟು ಹಾಕಿದರೆ ಮಾಡೆಲ್ ಸಹಿಯನ್ನೂ ಸೀಲು ಅನ್ನುತ್ತದೆ. ಸಹಿ, ರೆವಿನ್ಯೂ ಸ್ಟಾಂಪು, ಅಚ್ಚಾದ ಲಾಂಛನ, ಹೆಬ್ಬೆಟ್ಟು ಇವಕ್ಕೂ ಬೇರೆ ಬೇರೆ ಹೆಸರು ಕೊಟ್ಟು ಕಲಿಸಿದ ಮೇಲೆ ಗೊಂದಲ ಎದ್ದು ಕಾಣುವಷ್ಟು ಕಡಿಮೆಯಾಯಿತು. ಯಾವುದು ಸೀಲಲ್ಲ ಅನ್ನುವುದನ್ನೂ ಹೇಳಿಕೊಡಬೇಕು.

ಎರಡನೇ ಪಾಠ ಅಳತೆಯದು. ಈ ಮಾಡೆಲ್‌ಗಳು ಸಾಮಾನ್ಯವಾಗಿ ಚಿತ್ರವನ್ನು 640 ಪಿಕ್ಸೆಲ್‌ಗೆ ಕುಗ್ಗಿಸಿ ನೋಡುತ್ತವೆ. ಎ4 ಪುಟದ 29.7 ಸೆಂಟಿಮೀಟರ್ ಉದ್ದ 640ಕ್ಕೆ ಇಳಿದರೆ ಸೆಂಟಿಮೀಟರ್‌ಗೆ ಇಪ್ಪತ್ತೊಂದೂವರೆ ಪಿಕ್ಸೆಲ್. 4 ಸೆಂಟಿಮೀಟರ್ ಸೀಲು 86 ಪಿಕ್ಸೆಲ್ ಆಗುತ್ತದೆ, ಚಿಂತೆಯಿಲ್ಲ. ಒಂದು ಸೆಂಟಿಮೀಟರ್‌ನ ಪುಟಾಣಿ ಸೀಲು 21 ಪಿಕ್ಸೆಲ್‌ನ ಕಲೆ. ಅಂಥವು ಬೇಕಿದ್ದರೆ 1280ಕ್ಕೆ ಏರಿಸಿ. ಆಗ ಹೊತ್ತು ಜಾಸ್ತಿ ಹಿಡಿಯುತ್ತದೆ, ಒಳ್ಳೇ ಜಿಪಿಯು ಬೇಕೆನಿಸುತ್ತದೆ.

ಅಲ್ಟ್ರಾಲಿಟಿಕ್ಸ್ ಕಂಪನಿಯವರ ಯೋಲೋ ಬಳಸುವವರು ಇನ್ನೊಂದು ಸಂಗತಿ ಗಮನಿಸಿ. ತರಬೇತಿಯಲ್ಲಿ ಚಿತ್ರವನ್ನು ತಿರುಗಿಸಿ ತೋರಿಸುವ ಆಯ್ಕೆ ಮೊದಲಿಗೆ ಸೊನ್ನೆಯಲ್ಲಿರುತ್ತದೆ. ರಸ್ತೆಯ ಕಾರುಗಳಿಗೆ ಅದು ಸರಿ, ತಲೆಕೆಳಗಾದ ಕಾರು ಎಲ್ಲಿದೆ? ಸೀಲು ಮಾತ್ರ ಎತ್ತ ಬೇಕಾದರೂ ತಿರುಗಿ ಬೀಳುತ್ತದೆ. ಅದನ್ನು ಏರಿಸಿ. ಪುಟಗಳ ಒಂದು ಪಾಲನ್ನು ಬಣ್ಣ ತೆಗೆದು ಬೂದು ಮಾಡಿಯೂ ಕಲಿಸಿ. ಇಲ್ಲದಿದ್ದರೆ ಮಾಡೆಲ್ ‘ನೇರಳೆ ಅಂದರೆ ಸೀಲು’ ಅಂತಷ್ಟೇ ಕಲಿತು, ಜೆರಾಕ್ಸ್ ಬಂದಾಗ ಕಣ್ಣುಬಿಡುತ್ತದೆ.

ಪುಟ ಸಾಲದಿದ್ದರೆ ನೀವೇ ತಯಾರಿಸಬಹುದು. ಬಿಳಿ ಹಾಳೆಯ ಮೇಲೆ ಹತ್ತಾರು ಸೀಲು ಹೊಡೆದು ಸ್ಕ್ಯಾನ್ ಮಾಡಿ, ಕತ್ತರಿಸಿ, ಸೀಲಿಲ್ಲದ ಪುಟಗಳ ಮೇಲೆ ಕೂರಿಸುವುದು. ಅಂಟಿಸಬೇಡಿ, ಗುಣಿಸಿ. ಮಸಿ ಕಾಗದವನ್ನು ಕಪ್ಪಾಗಿಸುತ್ತದೆಯೇ ಹೊರತು ಬೆಳ್ಳಗೆ ಮಾಡುವುದಿಲ್ಲ, ಕೆಳಗಿನ ಅಕ್ಷರ ಹಾಗೇ ಕಾಣಬೇಕು. ಎರಡೂ ಚಿತ್ರಗಳ ಬೆಳಕನ್ನು ಗುಣಿಸಿದರೆ ಆ ಪರಿಣಾಮ ಬರುತ್ತದೆ. ಬರೀ ಅಂಟಿಸಿದರೆ ಸೀಲಿನ ಸುತ್ತ ಬಿಳಿ ಅಂಚು ಉಳಿಯುತ್ತದೆ, ಮಾಡೆಲ್ ಆ ಅಂಚನ್ನೇ ಸೀಲು ಅಂತ ಕಲಿತುಬಿಡುತ್ತದೆ.

ಹೊರಗಿನ ಸಂಗ್ರಹಗಳೂ ಇವೆ. ಜರ್ಮನಿಯ ಸಂಶೋಧಕರ ಸ್ಟಾವರ್ ಸಂಗ್ರಹದಲ್ಲಿ ಸೀಲು ಹೊಡೆದ 400 ಸ್ಕ್ಯಾನ್ ಪುಟಗಳಿವೆ. ರೂಢಿ ಮಾಡಿಕೊಳ್ಳಲು ಒಳ್ಳೆಯದು. ನಮ್ಮ ಪಹಣಿ, ಕ್ರಯಪತ್ರ, ಮಂಡಿ ಪಟ್ಟಿಯ ರೂಪ ಅದರಲ್ಲಿಲ್ಲ.

ಪರವಾನಗಿಯನ್ನೂ ಓದಿ. ಅಲ್ಟ್ರಾಲಿಟಿಕ್ಸ್‌ನ ಯೋಲೋ ಎಜಿಪಿಎಲ್ ಪರವಾನಗಿಯಲ್ಲಿದೆ. ಅದನ್ನು ಸೇರಿಸಿದ ತಂತ್ರಾಂಶವನ್ನು ಮಾರಿದರೆ ಅಥವಾ ವೆಬ್‌ನಲ್ಲಿ ಸೇವೆಯಾಗಿ ಕೊಟ್ಟರೆ ನಿಮ್ಮ ಕೋಡನ್ನೂ ತೆರೆದಿಡಬೇಕು, ಇಲ್ಲ ದುಡ್ಡು ಕೊಟ್ಟು ಬೇರೆ ಪರವಾನಗಿ ಕೊಳ್ಳಬೇಕು. ನಮ್ಮಂತೆ ಅಂಗಡಿಯೊಳಗೆ ಓಡಿಸಿ ಫಲಿತಾಂಶದ ಪಟ್ಟಿ ಮಾತ್ರ ಕೊಡುವವರಿಗೆ ಇದು ತೊಂದರೆ ಕೊಡುವುದಿಲ್ಲ. ಪ್ರಾಡಕ್ಟ್ ಮಾಡುವ ಕನಸಿರುವ ಇಂಜಿನಿಯರಿಂಗ್ ಹುಡುಗರು, ಕೋಡ್ ತೆರೆದಿಡಬೇಕಿಲ್ಲದ ಅಪಾಚೆ ಪರವಾನಗಿಯ ಯೋಲೋಎಕ್ಸ್ ಅಥವಾ ಆರ್‌ಟಿ-ಡೆಟರ್ ಕಡೆ ನೋಡಿ.

ಸೀಲಿನಲ್ಲಿ ಏನು ಬರೆದಿದೆ?

ಇಲ್ಲಿ ಕನ್ನಡಕ್ಕೆ ಸಿದ್ಧ ದಾರಿ ನನಗೆ ಸಿಕ್ಕಿಲ್ಲ. ಚಿತ್ರದಲ್ಲಿನ ಅಕ್ಷರ ಓದುವ ತಂತ್ರಾಂಶ ಪ್ಯಾಡಲ್‌ಓಸಿಆರ್‌ನಲ್ಲಿ ಸೀಲು ಓದಲೆಂದೇ ಒಂದು ಭಾಗವಿದೆ, ಅದು ಚೀನೀ ಸೀಲುಗಳಿಗಾಗಿ ಮಾಡಿದ್ದು. ನಾನು ಮಾಡುವುದು ಹೀಗೆ. ದುಂಡು ಸೀಲನ್ನು ಓಪನ್‌ಸಿವಿಯ ಪೋಲಾರ್ ಬದಲಾವಣೆಯಿಂದ ಬಿಚ್ಚಿ ಉದ್ದ ಪಟ್ಟಿಯಾಗಿ ಹಾಸುತ್ತೇನೆ, ಚಕ್ಕುಲಿ ಸುರುಳಿ ಬಿಡಿಸಿದ ಹಾಗೆ. ಆಮೇಲೆ ಟೆಸೆರಾಕ್ಟ್ ಅನ್ನುವ ಇನ್ನೊಂದು ಅಕ್ಷರ ಓದುವ ತಂತ್ರಾಂಶದ ಕನ್ನಡ ಓದುವಿಕೆಗೆ ಕೊಡುತ್ತೇನೆ.

ಇಂಗ್ಲಿಷ್ ಸೀಲಿಗೆ ಪರವಾಗಿಲ್ಲ. ಕನ್ನಡದಲ್ಲಿ ಒತ್ತಕ್ಷರ ಕಾಡುತ್ತದೆ. ಸೀಲಿನ ಮೇಲರ್ಧದಲ್ಲಿ ಅಕ್ಷರದ ಬುಡ ನಡುವಿನ ಕಡೆಗಿರುತ್ತದೆ. ಒತ್ತುಗಳು ಒಳಗೆ, ಇಕ್ಕಟ್ಟಾದ ಜಾಗದಲ್ಲಿ ಕೂರುತ್ತವೆ. ಕೆಳಗರ್ಧದ ಬರಹವನ್ನು ನೆಟ್ಟಗೆ ಓದುವಂತೆ ಬರೆದಿದ್ದರೆ ಬುಡ ಹೊರಗಡೆ, ಒತ್ತುಗಳು ಹೋಗಿ ಅಂಚಿನ ಗೆರೆಗೆ ತಾಗುತ್ತವೆ. ‘ಚಿತ್ರದುರ್ಗ’ದಲ್ಲಿ ತ್ರದ ಒತ್ತೂ ಹೋಗಿ ಅರ್ಕಾವತ್ತೂ ಹೋದರೆ ಉಳಿಯುವುದು ‘ಚಿತದುಗ’. ಹಾಗಾಗಿ ಪೂರ್ತಿ ಓದುವ ಆಸೆ ಬಿಟ್ಟು, ಗೊತ್ತಿರುವ ಊರು ಮತ್ತು ಹುದ್ದೆಗಳ ಒಂದು ಪಟ್ಟಿ ಮಾಡಿಕೊಂಡು, ಓದಿದ್ದು ಯಾವುದಕ್ಕೆ ಹತ್ತಿರ ಅಂತ ನೋಡುತ್ತೇನೆ. ಅನುಮಾನ ಬಂದ ಪುಟ ಹುಡುಗರ ಮೇಜಿಗೆ ಹೋಗುತ್ತದೆ.

ಕ್ಲೌಡ್ ಸೇವೆ, ಚಾಟ್ ಮಾಡುವ ಎಐ

ಚಿತ್ರ ನೋಡಿ ಮಾತಾಡುವ ಎಐಗೆ ಪುಟ ಕೊಟ್ಟು "ಸೀಲಿದೆಯಾ" ಅಂತ ಕೇಳಿದರೆ ಉತ್ತರ ಬರುತ್ತದೆ, ಬಹಳ ಸಲ ಸರಿಯಾಗಿಯೇ. ನೂರಿನ್ನೂರು ಪುಟಕ್ಕೆ, ತರಬೇತಿಯ ತಾಪತ್ರಯವಿಲ್ಲದೆ, ಇದು ಬೇಗ ಮುಗಿಯುವ ದಾರಿ. ಎರಡು ಕೊರತೆ ಕಂಡೆ. ಎಲ್ಲಿದೆ ಅಂತ ಕೇಳಿದರೆ ಹೇಳುವ ಜಾಗ ಆಚೀಚೆ ಆಗುತ್ತದೆ. ಮಸುಕಾದ ಸೀಲಿನಲ್ಲಿ ಏನಿದೆ ಅಂತ ಕೇಳಿದರೆ ಕಾಣದ್ದನ್ನೂ ಊಹಿಸಿ, ಧೈರ್ಯವಾಗಿ ಓದಿಬಿಡುತ್ತದೆ. ಸುಳ್ಳು ಸೀಲು ದುಬಾರಿಯಾಗುವ ಆಡಿಟ್ ಕೆಲಸಕ್ಕೆ ಇದು ಅಪಾಯ.

ಅಮೆಜಾನ್‌ನ ಟೆಕ್ಸ್‌ಟ್ರಾಕ್ಟ್‌ನಂಥ ಸೇವೆಯಲ್ಲಿ ಸಹಿ ಹುಡುಕುವ ಸೌಲಭ್ಯ ಸಿದ್ಧವಾಗಿ ಸಿಗುತ್ತದೆ. ಸಹಿ ಬೇರೆ, ಸೀಲು ಬೇರೆ. ಅದನ್ನು ನೋಡಿ ಮೋಸಹೋಗಬೇಡಿ. ಲೆಕ್ಕ ಪುಟಕ್ಕಿಷ್ಟು ಅಂತ ಇರುವುದರಿಂದ ದೊಡ್ಡ ಕಟ್ಟಿಗೆ ಬಿಲ್ಲೂ ದೊಡ್ಡದು.

ದುಡ್ಡಿಗಿಂತ ನನ್ನನ್ನು ತಡೆಯುವುದು ಬೇರೆ. ಆ ಕಾಗದಗಳಲ್ಲಿ ಜನರ ಆಧಾರ್ ನಂಬರ್, ಸಾಲದ ಲೆಕ್ಕ, ಹೆಬ್ಬೆಟ್ಟಿನ ಗುರುತು ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇರುವಾಗ ಗಿರಾಕಿಯ ಒಪ್ಪಿಗೆ ಬರೆಸಿಕೊಳ್ಳದೆ ಹೊರಗೆ ಕಳಿಸುವುದು ಸರಿಯಲ್ಲ. ತರಬೇತಿಗೆ ಗೂಗಲ್ ಕೊಲ್ಯಾಬ್ (ಗೂಗಲ್‌ನ ಕಂಪ್ಯೂಟರಿನಲ್ಲಿ ನಮ್ಮ ಪ್ರೋಗ್ರಾಂ ಓಡಿಸುವ ಸೇವೆ) ಬಳಸುವಾಗಲೂ ಇದೇ ಮಾತು. ನಾನು ಅಲ್ಲಿಗೆ ಏರಿಸುವುದು ನಾವೇ ತಯಾರಿಸಿದ ಪುಟಗಳನ್ನು ಮಾತ್ರ. ನಿಜ ಪುಟಗಳ ತರಬೇತಿ ಅಂಗಡಿಯ ಕಂಪ್ಯೂಟರಿನಲ್ಲೇ, ರಾತ್ರಿ ಬಾಗಿಲು ಹಾಕಿದ ಮೇಲೆ ಓಡುತ್ತದೆ.

ಅಳೆದು ನೋಡಿ, ಆದರೆ ಸರಿಯಾಗಿ ಅಳೆಯಿರಿ

ಯಾವ ದಾರಿಯೇ ಆಗಲಿ, ಇನ್ನೂರು ಮುನ್ನೂರು ಪುಟವನ್ನು ಪರೀಕ್ಷೆಗೆ ಅಂತ ಎತ್ತಿಡಿ. ಕೈಯಾರೆ ಉತ್ತರ ಬರೆದಿಡಿ. ಇಲ್ಲಿ ನಾನು ಒಮ್ಮೆ ಚೆನ್ನಾಗಿ ಮೋಸಹೋದೆ. ಪುಟಗಳನ್ನು ಕಲಸಿ ಅರ್ಧ ತರಬೇತಿಗೆ, ಅರ್ಧ ಪರೀಕ್ಷೆಗೆ ಹಾಕಿದ್ದೆ. ಫಲಿತಾಂಶ ಅದ್ಭುತ. ಹೊಸ ಗಿರಾಕಿಯ ಕಟ್ಟು ಬಂದಾಗ ಮಾಡೆಲ್ ಕಕ್ಕಾಬಿಕ್ಕಿ. ಒಂದೇ ಸೀಲು ಎರಡೂ ಕಡೆ ಇದ್ದದ್ದರಿಂದ ಅದು ಬಾಯಿಪಾಠ ಮಾಡಿ ಪಾಸಾಗಿತ್ತು. ಪುಟದ ಲೆಕ್ಕದಲ್ಲಿ ಹಂಚಬೇಡಿ, ಕಚೇರಿಯ ಲೆಕ್ಕದಲ್ಲಿ ಹಂಚಿ. ಹರಿಹರದ ಕಟ್ಟಿನಿಂದ ಕಲಿಸಿದರೆ ಜಗಳೂರಿನ ಕಟ್ಟಿನಿಂದ ಪರೀಕ್ಷೆ ಮಾಡಿ.

‘ನೂರಕ್ಕೆ 98’ ಅನ್ನುವ ಅಂಕಿಗೂ ಮರುಳಾಗಬೇಡಿ. ಮೂರು ಸಾವಿರ ಸೀಲಿರುವ ಕಟ್ಟಿನಲ್ಲಿ ಅದು 60 ಸೀಲು ತಪ್ಪಿದಂತೆ. ಆ ಅರವತ್ತರಲ್ಲಿ ವಕೀಲರ ಕ್ರಯಪತ್ರ ಇದ್ದರೆ?

ಯೋಲೋದಲ್ಲಿ ಇದನ್ನು ಹೊಂದಿಸಲು ಒಂದು ಕೀಲಿ ಇದೆ. ಪ್ರತಿ ಚೌಕಟ್ಟಿಗೂ ಅದು ಎಷ್ಟು ಭರವಸೆ ಅಂತ ಸೊನ್ನೆಯಿಂದ ಒಂದರೊಳಗೆ ಅಂಕ ಕೊಡುತ್ತದೆ. ಅಲ್ಟ್ರಾಲಿಟಿಕ್ಸ್‌ನಲ್ಲಿ 0.25 ದಾಟಿದ್ದನ್ನು ತೋರಿಸುವುದು ರೂಢಿ. ಸಂಘದ ಆಡಿಟ್‌ಗೆ ನಾನು ಇದನ್ನು 0.6ಕ್ಕೆ ಏರಿಸಿದೆ. ವಕೀಲರ ಕಟ್ಟಿಗೆ 0.1ಕ್ಕೆ ಇಳಿಸಿ, ಬಂದದ್ದನ್ನೆಲ್ಲ ಚಿಕ್ಕ ಚಿಕ್ಕ ಚಿತ್ರಗಳಾಗಿ ಒಂದೇ ಪರದೆಯಲ್ಲಿ ಜೋಡಿಸಿಕೊಟ್ಟೆ. ಕಣ್ಣಾಡಿಸಿ ಬೇಡದ್ದನ್ನು ತೆಗೆಯಲು ಅವರ ಜೂನಿಯರ್‌ಗೆ ಒಂದು ಗಂಟೆಯೂ ಹಿಡಿಯಲಿಲ್ಲ. ಒಂದೇ ಮಾಡೆಲ್, ಎರಡು ಕೆಲಸ.

ಹಾಗಾದರೆ ಯಾರಿಗೆ ಯಾವುದು?

ಬಣ್ಣದ ಅಸಲು ಕಾಗದ, ಅಚ್ಚು ಕಪ್ಪು, ಕಾರ್ಬನ್ ಇಲ್ಲ ಅಂದರೆ ಬಣ್ಣದ ದಾರಿ. ಎರಡು ದಿನದ ಕೆಲಸ, ಹಳೇ ಕಂಪ್ಯೂಟರ್ ಸಾಕು. ಜೆರಾಕ್ಸ್ ಮತ್ತು ಕಾರ್ಬನ್ ಪ್ರತಿಗಳ ದೊಡ್ಡ ಕಟ್ಟಾದರೆ ನೇರವಾಗಿ ಯೋಲೋಗೆ ಹೋಗಿ, ಮಧ್ಯೆ ಹಫ್ ಹಿಡಿದು ಒದ್ದಾಡಬೇಡಿ. ನಮ್ಮ ಅಂಗಡಿಯಲ್ಲಿ ಈಗ ಎರಡೂ ಇವೆ. ಪ್ರತಿ ಪುಟವನ್ನೂ ಮೊದಲು ಬಣ್ಣದ ಪ್ರೋಗ್ರಾಂ ನೋಡುತ್ತದೆ. ಚೊಕ್ಕವಾಗಿ ಗೊತ್ತಾದದ್ದು ಅಲ್ಲೇ ಮುಗಿಯಿತು. ಅನುಮಾನದ್ದು ಯೋಲೋಗೆ. ಇಬ್ಬರೂ ಜಗಳಾಡಿದರೆ ಹುಡುಗರಿಗೆ.

ನೋಟರಿಗಳು ಮಸಿಯಿಲ್ಲದೆ ಕಾಗದವನ್ನೇ ಉಬ್ಬಿಸುವ ಸೀಲೂ ಹಾಕಿರುತ್ತಾರೆ. ಸ್ಕ್ಯಾನರ್‌ನ ಸಮ ಬೆಳಕಿನಲ್ಲಿ ಅದು ಕಾಣುವುದೇ ಇಲ್ಲ, ಹಾಗಾಗಿ ಮೇಲಿನ ಯಾವ ದಾರಿಯೂ ಹಿಡಿಯುವುದಿಲ್ಲ. ಅಂಥ ಪುಟವನ್ನು ಕಿಟಕಿಯ ಹತ್ತಿರ ಹಿಡಿದು, ಓರೆ ಬೆಳಕಿನಲ್ಲಿ ಮೊಬೈಲ್‌ನಿಂದ ಇನ್ನೊಂದು ಫೋಟೋ ತೆಗೆದಿಡುತ್ತೇವೆ.

ಅಸಲಿ ನಕಲಿ ಬಗ್ಗೆ ಕೇಳುವವರಿಗೆ ನಾನು ಕೊಡುವ ಸುಳಿವು ಒಂದೇ. ಕೈಯಲ್ಲಿ ಹೊಡೆದ ಸೀಲು ಎರಡು ಸಲ ಒಂದೇ ಥರ ಬೀಳುವುದಿಲ್ಲ. ಎರಡು ಬೇರೆ ಕಾಗದದ ಸೀಲುಗಳನ್ನು ಒಂದರ ಮೇಲೊಂದಿಟ್ಟಾಗ ಮಸಿ ಹತ್ತದ ಚುಕ್ಕಿಯೂ ಸೇರಿ ಎಲ್ಲವೂ ಕೂಡಿಬಂದರೆ, ಒಂದಾದರೂ ಕಂಪ್ಯೂಟರಿನಿಂದ ಬಂದಿರಬಹುದು ಅನ್ನುವ ಅನುಮಾನ ಇಟ್ಟುಕೊಳ್ಳಿ. ಅದರ ಮುಂದಿನದು ತಜ್ಞರ ಕೆಲಸ.

ಹೋದ ವಾರ ಚಿತ್ರದುರ್ಗದಿಂದ ಒಂದು ಕಟ್ಟು ಬಂದಿದೆ. ಜೆರಾಕ್ಸಿನ ಜೆರಾಕ್ಸ್, ಮಧ್ಯದಲ್ಲಿ ಯಾರೋ ಮಂಡಕ್ಕಿ ಮಿರ್ಚಿ ಇಟ್ಟುಕೊಂಡು ತಿಂದ ಎಣ್ಣೆಯ ಗುರುತು. ದುಂಡಗಿದೆ, ನಾಲ್ಕು ಸೆಂಟಿಮೀಟರ್. ಯೋಲೋ ಅದಕ್ಕೆ 0.41 ಕೊಟ್ಟಿತು. ಇವತ್ತು ಬೆಳಿಗ್ಗೆಯಿಂದ ಹುಡುಗರು ‘ಎಣ್ಣೆ ಕಲೆ’ ಅನ್ನುವ ಹೊಸ ಹೆಸರಿನಲ್ಲಿ ಚೌಕಟ್ಟು ಎಳೆಯುತ್ತಿದ್ದಾರೆ.